ಮೊಣಕಾಲಿನ ಶಸ್ತ್ರಚಿಕಿತ್ಸೆಯೂ ಗೃಹಸ್ಥರ ಎಚ್ಚರವೂ

ತೊಡೆಯೆಲುಬನ್ನೂ ಕಣಕಾಲಿನ ಎಲುಬನ್ನೂ ಮೊಣಕಾಲಿನ ಕೀಲಿನೊಳಗೆ ಬಿಗಿದು ಹಿಡಿದಿರುವ ತಂತುಪಾಶವೊಂದುಂಟು. ಇದಕ್ಕೆ ಅಸ್ಥಿಬಂಧವೆಂದು ಹೆಸರು. ಆಟಗಾರರು ಇದನ್ನೇ ಎ.ಸಿ.ಎಲ್. ಎನ್ನುವರು. ಓಟದ ನಡುವೆ ಥಟ್ಟನೆ ತಿರುಗಿದಾಗ ಇದು ಹರಿದರೆ ಬಹುಮಟ್ಟಿಗೆ ತಾನಾಗಿ ಕೂಡಿಕೊಳ್ಳದು. ಆಗ ಶಸ್ತ್ರವೈದ್ಯರು ರೋಗಿಯ ತೊಡೆಯ ಹಿಂಭಾಗದಿಂದಲೋ ಮೊಣಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವನ್ನು ತೆಗೆದು, ಹರಿದುದರ ಸ್ಥಾನದಲ್ಲಿ ಕಸಿಮಾಡುವರು. ಈ ಕೆಲಸವು ಒಂದೆರಡು ಗಂಟೆಗಳಲ್ಲಿ ಮುಗಿಯುವುದು. ಅದರ ಸಾಫಲ್ಯವಾದರೋ ಅನಂತರದ ತಿಂಗಳುಗಳಲ್ಲಿ ಮನೆಯವರ ಎಚ್ಚರವನ್ನೂ ಬಹಳವಾಗಿ ಅವಲಂಬಿಸಿರುವುದು.

ಮೊದಲ ವಾರಗಳಲ್ಲಿ ಎರಡು ಅಪಾಯಗಳನ್ನು ಅರಿತಿರತಕ್ಕದ್ದು. ಒಂದು, ಕೀಲಿನೊಳಗೆ ಕೀವಾಗುವುದು. ಇದು ವಿರಳವಾದರೂ ಕೆಲವೇ ದಿನಗಳಲ್ಲಿ ಕೀಲಿನ ಮೃದ್ವಸ್ಥಿಯನ್ನು ಕೆಡಿಸಬಲ್ಲದು. ಜ್ವರ, ದಿನೇ ದಿನೇ ಹೆಚ್ಚುವ ನೋವು, ಬಿಸಿಯಾದ ಬಾವು, ಗಾಯದ ಸ್ರಾವ, ಇವು ಅದರ ಲಕ್ಷಣಗಳು. ಮತ್ತೊಂದು, ಕಾಲಿನ ಒಳಸಿರೆಯಲ್ಲಿ ರಕ್ತವು ಹೆಪ್ಪುಗಟ್ಟುವುದು. ಆಗ ಮೀನಖಂಡವು ಊದಿ ನೋಯುವುದು. ಹೆಪ್ಪು ಶ್ವಾಸಕೋಶವನ್ನು ಸೇರಿದರೆ ಏದುಸಿರು ಎದೆನೋವುಗಳುಂಟಾಗಿ ಪ್ರಾಣಕ್ಕೇ ಸಂಚಕಾರ. ಇಂಥ ಸಮಯದಲ್ಲಿ ಎಣ್ಣೆ ನೀವುತ್ತ ಬೆಳಗಾಗಲೆಂದು ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮೂರನೆಯ ಅಪಾಯವು ಮಮತೆಯ ವೇಷದಲ್ಲಿ ಬರುವುದು. ಮಗನು ನೋವೆಂದನೆಂದು ತಾಯಿ ಮೊಣಕಾಲಿನಡಿಗೆ ದಿಂಬಿಡುವಳು. ಬಾಗಿದ ಕಾಲಿಗೆ ಹಾಯೆನಿಸುವುದು ನಿಜ. ಆದರೆ ದಿನವೆಲ್ಲ ಹಾಗಿದ್ದರೆ ಕೀಲು ಬಿಗಿದು ಕಾಲು ಪೂರ್ತಿ ನೀಳವಾಗದೆ ಉಳಿಯಬಹುದು. ಬಳಿಕ ಅದು ಕುಂಟು ನಡಿಗೆಗೆ ಕಾರಣವಾಗುವುದು. ಕೆಲವರಿಗೆ ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕಾಗುವುದು. ದಿಂಬನ್ನು ಹಿಮ್ಮಡಿಯ ಕೆಳಗಿಟ್ಟು, ವೈದ್ಯರು ಹೇಳಿದ ವ್ಯಾಯಾಮವನ್ನು ತಪ್ಪದೆ ಮಾಡಿಸುವುದೇ ನಿಜವಾದ ಕರುಣೆ.

ನಾಲ್ಕನೆಯದು ಆತುರ. ಕಸಿಮಾಡಿದ ರಜ್ಜುವು ಮೊದಲ ತಿಂಗಳುಗಳಲ್ಲಿ ಬಲಗೊಳ್ಳುವುದಕ್ಕೆ ಮುಂಚೆ ದುರ್ಬಲವಾಗುವುದು. ಹೊಸ ರಕ್ತನಾಳಗಳು ಹಬ್ಬಿ ಅದು ದೇಹದ ಸ್ವಂತ ಬಂಧವಾಗಿ ಮಾರ್ಪಡಲು ಬಹುಕಾಲ ಹಿಡಿಯುವುದು. ಅಷ್ಟರಲ್ಲಿ ನೋವಡಗಿ, ರೋಗಿಗೆ ‘ಗುಣವಾಯಿತು’ ಎಂದೆನಿಸುವುದು. ಈ ಭ್ರಾಂತಿಯೇ ಅನರ್ಥಕ್ಕೆ ಮೂಲ. ಇಪ್ಪತ್ತೈದರ ಒಳಗಿನ ವಯಸ್ಸಿನವರು ಆಟಕ್ಕೆ ಮರಳಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಕಾಲಿನ ಅಥವಾ ಇನ್ನೊಂದು ಕಾಲಿನ ಬಂಧವು ಹರಿಯುವುದೆಂದು ಪರಿಶೋಧಕರು ಕಂಡಿರುವರು. ಆದುದರಿಂದಲೇ ಒಂಬತ್ತು ತಿಂಗಳಿಗೆ ಮೊದಲು ಆಟದ ಬಯಲಿಗೆ ಇಳಿಯಕೂಡದೆಂದು ತಜ್ಞರು ಹೇಳುವರು. ೨೦೨೨ರ ಡಿಸೆಂಬರ್ ೩೦ರ ಕಾರು ಅಪಘಾತದಲ್ಲಿ ಮೊಣಕಾಲಿನ ಬಂಧಗಳು ಹರಿದ ಕ್ರಿಕೆಟ್ಟಿಗ ರಿಷಭ್ ಪಂತರು ಮರಳಿ ಪಂದ್ಯವಾಡಿದುದು ೨೦೨೪ರ ಮಾರ್ಚಿಯಲ್ಲಿ. ಉತ್ತಮೋತ್ತಮ ಶುಶ್ರೂಷೆಯುಳ್ಳ ಕ್ರೀಡಾಪಟುವೇ ಅಷ್ಟು ಕಾಲ ಕಾದಿರಲು, ನಮ್ಮ ಮನೆಯ ಹುಡುಗರು ಪರೀಕ್ಷೆ ಮುಗಿಯಿತೆಂದು ಮೂರೇ ತಿಂಗಳಿಗೆ ಚೆಂಡಿನ ಬೆನ್ನಟ್ಟಿ ಓಡುವುದನ್ನು ಹಿರಿಯರು ತಡೆಯಲೇಬೇಕು.