ಮೇಜಿನ ಮೇಲೊಂದು ಅಂಜುದೀವ್

ಆಷಾಢದ ಮಳೆ ಹಿಡಿದು ಮೂರು ದಿನವಾಗಿತ್ತು. ಬೆಂಗಳೂರಿನಿಂದ ಅಂಕೋಲೆಗೆ ಬಂದ ಅಕ್ಕನ ಮಗ ಬ್ಯಾಗಿನಿಂದ ಬಟ್ಟೆ ತೆಗೆಯುವ ಮೊದಲು ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಜಗಲಿಯ ಮೇಜಿನ ಮೇಲಿಟ್ಟ. ಒಳಗೆ ಸ್ಪಂಜಿನ ಗುಳಿಗಳಲ್ಲಿ ಸಿಪಾಯಿಗಳು ಮಲಗಿದ್ದರು. ಒಬ್ಬೊಬ್ಬನ ಎತ್ತರ 28 ಮಿಲಿಮೀಟರ್, ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು. ಕನ್ನಡಕ ಏರಿಸಿಕೊಂಡು ಒಬ್ಬನನ್ನು ಎತ್ತಿ ನೋಡಿದೆ. ಬೆಲ್ಟಿನ ಬಕಲ್ಲಿಗೆ ಹಿತ್ತಾಳೆಯ ಬಣ್ಣ, ಬೂಟಿನ ಅಂಚಿಗೆ ಒಣಗಿದ ಕೆಸರಿನ ಬಣ್ಣ, ಸಾಸಿವೆಗಿಂತ ಸಣ್ಣ ಕಣ್ಣಿನ ಬಿಳಿಯೊಳಗೆ ಒಂದು ಕರಿ ಚುಕ್ಕೆ.

‘ಒಬ್ಬನಿಗೆ ಎರಡು ಸಂಜೆ ಬೇಕು ಮಾವ’ ಅಂದ.

ಅಂಕೋಲೆಯ ಬಂಡಿಹಬ್ಬದ ಅಂಗಡಿಗಳಲ್ಲಿ ನಾವು ಚಿಕ್ಕಂದಿನಲ್ಲಿ ಕೊಂಡ ಹಸಿರು ಪ್ಲಾಸ್ಟಿಕ್ ಸೈನಿಕರ ಶ್ರೀಮಂತ ನೆಂಟರು ಇವರು. ಮೇಜಿನ ಮೇಲೆ ಗುಡ್ಡ, ಮನೆ, ಮರ ಜೋಡಿಸುವುದು, ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸಿಪಾಯಿಗಳನ್ನು ನಡೆಸುವುದು, ಗುಂಡು ತಗುಲಿತೋ ಇಲ್ಲವೋ ಎಂದು ದಾಳ ಹಾಕಿ ನೋಡುವುದು. ಆಟ ಇಷ್ಟೇ. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಇದಕ್ಕೊಂದು ನಿಯಮದ ಪುಸ್ತಕವನ್ನೇ ಬರೆದಿದ್ದರು. 1983ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ವಾರ್‌ಹ್ಯಾಮರ್’ ಇದನ್ನು ದೊಡ್ಡ ವ್ಯಾಪಾರ ಮಾಡಿತು.

‘ಇನ್ನು ಕೆಲವು ವರ್ಷ ಅಷ್ಟೇ, ಆಮೇಲೆ ಡಬ್ಬಿ ಬೇಡ. ಹಾಲೊಗ್ರಾಂ ಬರ್ತದೆ. ಗಾಳಿಯಲ್ಲೇ ಸೈನ್ಯ ನಿಲ್ತದೆ’ ಅಂದ ಹುಡುಗ. ‘ಸ್ಟಾರ್ ವಾರ್ಸ್’ ಸಿನಿಮಾ ಅವನ ತಲೆಯಲ್ಲಿತ್ತು. 1977ರ ಆ ಚಿತ್ರದಲ್ಲಿ ಆಕಾಶನೌಕೆಯೊಳಗೆ ಒಂದು ದುಂಡು ಮಣೆ, ಅದರ ಮೇಲೆ ಬೆಳಕಿನ ಪುಟ್ಟ ರಾಕ್ಷಸರು ಎದ್ದು ಬಡಿದಾಡುತ್ತಾರೆ. ತಮಾಷೆಯೆಂದರೆ ಆ ದೃಶ್ಯವನ್ನು ತೆಗೆದದ್ದು ಕೈಯಲ್ಲಿ ಮಾಡಿದ ಗೊಂಬೆಗಳಿಂದ. ಒಂದೊಂದು ಚೌಕಟ್ಟಿಗೂ ಕೈಕಾಲನ್ನು ಕೂದಲೆಳೆಯಷ್ಟು ಸರಿಸಿ ಚಿತ್ರ ಹಿಡಿದಿದ್ದರು. ಎಲ್ಲರೂ ಕನಸು ಕಾಣುವ ಹಾಲೊಗ್ರಾಂ ಆಟವೂ ಹುಟ್ಟಿದ್ದು ಗೊಂಬೆಯಿಂದಲೇ.

ಯಾವ ಯುದ್ಧ ಆಡೋಣ ಎಂದು ಕೇಳಿದ. ಯೂರೋಪಿನದ್ದು ಯಾಕೆ, ಕಾರವಾರದ ಎದುರಿಗೇ ಒಂದಿದೆಯಲ್ಲ ಅಂದೆ. ಅಂಜುದೀವ್ ಸುಮಾರು ಒಂದೂವರೆ ಚದರ ಕಿಲೋಮೀಟರಿನ ನಡುಗಡ್ಡೆ. ಆಡಳಿತದ ಲೆಕ್ಕದಲ್ಲಿ ಗೋವೆಯದು. ಈಗ ಸೀಬರ್ಡ್ ನೌಕಾನೆಲೆಯ ಅಲೆತಡೆ ಗೋಡೆ ಅದನ್ನು ನಮ್ಮ ದಡಕ್ಕೆ ಕಟ್ಟಿಹಾಕಿದೆ. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಐಎನ್‌ಎಸ್ ತ್ರಿಶೂಲ್ ಹಡಗಿನ ನಾವಿಕರ ತಂಡ ಅಲ್ಲಿ ದಡ ಹತ್ತಿತು. ಬೆಂಬಲಕ್ಕೆ ಐಎನ್‌ಎಸ್ ಮೈಸೂರು ಎಂಬ ಕ್ರೂಸರ್ ನಿಂತಿತ್ತು. ಮರೆಯಲ್ಲಿದ್ದ ಪೋರ್ಚುಗೀಸರು ಗುಂಡು ಸುರಿಸಿದರು. ನಮ್ಮ ಏಳು ಮಂದಿ ನಾವಿಕರು ಸತ್ತರು. ಆಮೇಲೆ ಹಡಗಿನ ತೋಪುಗಳು ಮಾತಾಡಿದವು, ಮರುದಿನ ದ್ವೀಪ ಕೈಗೆ ಬಂತು.

ಇದನ್ನು ಆಟ ಮಾಡಬಹುದೇ ಎಂಬ ಅಳುಕು ನನಗಿತ್ತು, ಈಗಲೂ ಇದೆ. ಯಾವ ಗೊಂಬೆಗೂ ಸತ್ತವರ ಹೆಸರಿಡುವುದು ಬೇಡ ಎಂದು ಒಪ್ಪಂದ ಮಾಡಿಕೊಂಡು ಕೂತೆವು. ಬಾವನ ನೀಲಿ ಲುಂಗಿ ಅರಬ್ಬಿ ಸಮುದ್ರವಾಯಿತು. ಥರ್ಮಾಕೋಲಿನ ನಡುಗಡ್ಡೆ, ತೆಂಗಿನ ಕರಟದ ಗುಡ್ಡ, ನಾರಿನ ಮರ. ಪೋರ್ಚುಗೀಸರು ನನ್ನ ಕಡೆ. ಮಷೀನ್‌ಗನ್ನನ್ನು ಕರಟದ ಹಿಂದೆ ಇಟ್ಟೆ. ಹುಡುಗ ಸುಮ್ಮನೆ ಕತ್ತು ಚಾಚಿ ನೋಡಿದ, ದೋಣಿಗಳನ್ನು ಇನ್ನೊಂದು ಬದಿಗೆ ತಿರುಗಿಸಿದ. ಇಪ್ಪತ್ತು ನಿಮಿಷದಲ್ಲಿ ಆಟ ಮುಗಿಯಿತು. ಅವನ ಕಡೆ ಒಬ್ಬನೂ ಬೀಳಲಿಲ್ಲ.

ಅಂದು ದಡ ಹತ್ತಿದವರಿಗೆ ಬಂದೂಕು ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಮೇಜಿನ ಮೇಲೆ ಎಲ್ಲವೂ ಕಾಣುತ್ತದೆ. ಗೊಂಬೆ ಯುದ್ಧದ ಹಳೇ ರೋಗ ಇದು. ಹಾಲೊಗ್ರಾಂ ಏನಾದರೂ ಬದಲಾಯಿಸುವುದಿದ್ದರೆ ಇದನ್ನು ಬದಲಾಯಿಸಬೇಕು. ಗೊಂಬೆ ಕುಣಿದರೆಷ್ಟು, ಬಿಟ್ಟರೆಷ್ಟು!

ಈಗ ಹುಡುಗನ ‘ಗಾಳಿಯಲ್ಲಿ ನಿಲ್ಲುವ’ ಸೈನ್ಯದ ವಿಚಾರ. ಮಳೆ ಬಿಟ್ಟ ನಿರ್ಮಲ ರಾತ್ರಿ ಕಾರವಾರದ ಕಡಲತೀರದಲ್ಲಿ ನಿಂತು ದೇವಗಡ ದ್ವೀಪದ ದೀಪಸ್ತಂಭ ನೋಡಿ. ಮಿನುಗುವುದು ಮಾತ್ರ ಕಾಣುತ್ತದೆ. ತುಂತುರು ಹನಿಯುವ ರಾತ್ರಿಯಾದರೆ ಅದೇ ದೀಪದಿಂದ ಬೆಳಕಿನ ಕೋಲು ಹೊರಟು ಸಮುದ್ರದ ಮೇಲೆ ತಿರುಗುವುದು ಕಾಣುತ್ತದೆ. ಎರಡೂ ರಾತ್ರಿ ಹೊರಟ ಬೆಳಕು ಒಂದೇ. ಎರಡನೇ ರಾತ್ರಿ ಅದನ್ನು ನಮ್ಮ ಕಣ್ಣಿನ ಕಡೆ ತಿರುಗಿಸಲು ನೀರ ಹನಿಗಳಿದ್ದವು. ಬೆಳಕು ಖಾಲಿ ಗಾಳಿಯಲ್ಲಿ ನಿಲ್ಲುವುದಿಲ್ಲ, ನಮ್ಮತ್ತ ತಿರುಗುವುದೂ ಇಲ್ಲ. ಬಡಿಯಲು ಏನಾದರೂ ಬೇಕು.

ನಾವು ಹಾಲೊಗ್ರಾಂ ಎನ್ನುವುದರಲ್ಲಿ ಬಹುಪಾಲು ಹಾಲೊಗ್ರಾಮೇ ಅಲ್ಲ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಿಮ್ಮ ಮುಖ ಹೊರಗಿನ ಕಾಡಿನ ಮೇಲೆ ತೇಲುತ್ತದಲ್ಲ, ಆ ಉಪಾಯವನ್ನು 1862ರಲ್ಲಿ ಲಂಡನ್ನಿನ ಜಾನ್ ಹೆನ್ರಿ ಪೆಪ್ಪರ್ ರಂಗಮಂಚಕ್ಕೆ ತಂದು ದೊಡ್ಡ ಗಾಜಿನಲ್ಲಿ ದೆವ್ವ ತೋರಿಸಿದ. ಚುನಾವಣಾ ಸಭೆಗಳಲ್ಲಿ ವೇದಿಕೆಯ ಮೇಲೆ ಮೂಡಿದ ನಾಯಕರೂ ಇದೇ ವಂಶದವರು, ಗಾಜಿನ ಬದಲು ತೆಳು ಹಾಳೆ ಅಷ್ಟೇ. 2022ರ ಜನವರಿಯಲ್ಲಿ ದಿಲ್ಲಿಯ ಇಂಡಿಯಾ ಗೇಟ್ ಬಳಿ ನಿಂತ 28 ಅಡಿಯ ನೇತಾಜಿ ‘ಹಾಲೊಗ್ರಾಂ ಪ್ರತಿಮೆ’ಯೂ ಪಾರದರ್ಶಕ ಪರದೆಯ ಮೇಲೆ ಪ್ರೊಜೆಕ್ಟರ್ ಬಿಟ್ಟ ಚಿತ್ರ.

ನಿಜವಾದ ಹಾಲೊಗ್ರಾಂ ಬೇರೆಯೇ ಜಾತಿ. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಡೆನಿಸ್ ಗೇಬರ್ 1947ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸಲು ಹೋಗಿ ಇದನ್ನು ಕಂಡರು. 1960ರಲ್ಲಿ ಲೇಸರ್ ಬರುವವರೆಗೂ ಅದು ಹೆಚ್ಚು ಕಡಿಮೆ ಕಾಗದದ ಮೇಲೇ ಇತ್ತು. 1971ರಲ್ಲಿ ಅವರಿಗೆ ನೊಬೆಲ್ ಬಂತು. ಬಂದರಿನ ಅಲೆತಡೆ ಗೋಡೆಯ ಮೇಲೆ ನಿಂತು ನೋಡಿದರೆ ಇದರ ಗುಟ್ಟು ಅರ್ಧ ತಿಳಿಯುತ್ತದೆ. ಬರುವ ತೆರೆ, ಕಲ್ಲಿಗೆ ಹೊಡೆದು ಮರಳುವ ತೆರೆ, ಎರಡೂ ಒಂದನ್ನೊಂದು ದಾಟುವಲ್ಲಿ ನೀರಿನ ಮೇಲೆ ಬಲೆಯಂಥ ವಿನ್ಯಾಸ ಏಳುತ್ತದೆ. ಕಲ್ಲಿನ ಆಕಾರ ಬದಲಾದರೆ ಬಲೆಯ ಹೆಣಿಗೆಯೂ ಬದಲು. ಒಂದು ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಗೊಂಬೆಗೆ ಹೊಡೆಸಿ, ಇನ್ನೊಂದನ್ನು ನೇರ ಫಿಲಂ ತಟ್ಟೆಗೆ ಬಿಟ್ಟರೆ ಎರಡೂ ಕೂಡುವಲ್ಲಿ ಬೆಳಕಿನ ಬಲೆ ಅಚ್ಚಾಗುತ್ತದೆ. ಆಮೇಲೆ ಗೊಂಬೆಯನ್ನು ತೆಗೆದು ತಟ್ಟೆಯ ಮೇಲೆ ಮತ್ತೆ ಲೇಸರ್ ಬಿಡಿ. ಗೊಂಬೆಯಿಂದ ಹೊರಟಿದ್ದಂಥದೇ ತೆರೆ ತಟ್ಟೆಯಿಂದ ಎದ್ದು ಬರುತ್ತದೆ. ತಲೆ ಬಗ್ಗಿಸಿದರೆ ಸಿಪಾಯಿಯ ಟೊಪ್ಪಿಗೆಯ ಅಡಿಯೂ ಕಾಣುತ್ತದೆ. ತಟ್ಟೆ ಒಡೆದರೆ ಚೂರಿನಲ್ಲೂ ಇಡೀ ಸಿಪಾಯಿ ಇರುತ್ತಾನೆ, ನೋಡುವ ಕಿಂಡಿ ಮಾತ್ರ ಚಿಕ್ಕದಾಗುತ್ತದೆ.

ಇದು ನಿಂತ ಸಿಪಾಯಿಯ ಮಾತು. ಅವನು ನಡೆಯಬೇಕಾದರೆ ಬಲೆಯನ್ನು ಗಳಿಗೆಗಳಿಗೆಗೂ ಹೊಸದಾಗಿ ಹೆಣೆಯಬೇಕು. ಎಲ್ಲ ಬದಿಯಿಂದ ಕಾಣಬೇಕಾದರೆ ಅದರ ಕಣ್ಣುಗಳು ಬೆಳಕಿನ ಅಲೆಯಷ್ಟೇ ಸಣ್ಣವಿರಬೇಕು, ಅಂದರೆ ಸುಮಾರು ಅರ್ಧ ಮೈಕ್ರಾನ್. ಒಂದು ಮೀಟರ್ ಚಚ್ಚೌಕದ ಮೇಜಿಗೆ ಎಷ್ಟು ಚುಕ್ಕೆ ಬೇಕು? ಉದ್ದಕ್ಕೆ 20 ಲಕ್ಷ, ಅಗಲಕ್ಕೆ 20 ಲಕ್ಷ, ಗುಣಿಸಿದರೆ 4 ಲಕ್ಷ ಕೋಟಿ. ಒಂದು 4ಕೆ ಟಿವಿಯಲ್ಲಿರುವುದು ಸುಮಾರು 83 ಲಕ್ಷ. ಹತ್ತಿರ ಹತ್ತಿರ ಐದು ಲಕ್ಷ ಟಿವಿಗಳ ಚುಕ್ಕೆಗಳನ್ನು ಒಂದು ಮೇಜಿನೊಳಗೆ ತುಂಬಿ, ಸೆಕೆಂಡಿಗೆ ಹತ್ತಾರು ಸಲ ಬದಲಿಸಬೇಕು. ನಮ್ಮಲ್ಲಿ ಮಳೆಗಾಲದ ಕರೆಂಟು ಬಲ್ಲವರು ನಕ್ಕಾರು.

ಗಾಳಿಯಲ್ಲೇ ಚಿತ್ರ ಬಿಡಿಸಿದವರೂ ಇಲ್ಲವೆಂದಲ್ಲ. 2018ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಡ್ಯಾನಿಯಲ್ ಸ್ಮಾಲಿ ತಂಡ ಒಂದು ಧೂಳಿನ ಕಣವನ್ನು ಲೇಸರಿನಲ್ಲೇ ಹಿಡಿದು, ರಭಸದಿಂದ ಓಡಿಸಿ, ಅದಕ್ಕೆ ಬಣ್ಣದ ಬೆಳಕು ಹೊಡೆದು ಚಿತ್ರ ಮಾಡಿತು. ಕತ್ತಲಲ್ಲಿ ಊದುಬತ್ತಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುವ ಹಾಗೆ. ಚಿತ್ರ ಬೆರಳುಗುರಿನ ಲೆಕ್ಕದ್ದು. ಫ್ಯಾನು ಹಾಕಿದರೆ ಸೈನ್ಯ ಹಾರಿಹೋಗುತ್ತದೆ.

ಇನ್ನು ಕೈಗೆ ಸಿಗುವ ದಾರಿ ಯಾವುದು? ಅದರ ತತ್ವ ಹೆದ್ದಾರಿ 66ರ ಮೇಲೆಯೇ ಇದೆ. ಅಂಕೋಲೆಯಿಂದ ಕಾರವಾರಕ್ಕೆ ರಾತ್ರಿ ಬೈಕಿನಲ್ಲಿ ಹೋಗುವಾಗ ದಾರಿಬದಿಯ ಫಲಕ ನಿಮ್ಮ ದೀಪ ಬಿದ್ದೊಡನೆ ಧಗ್ಗನೆ ಹೊಳೆಯುತ್ತದೆ. ಅದೇ ಫಲಕದ ಎದುರು ರಸ್ತೆಯಾಚೆ ಬಸ್ಸಿಗೆ ಕಾಯುತ್ತ ನಿಂತವನಿಗೆ ಅದು ಮಂಕು ತಗಡು. ಫಲಕದ ಹಾಳೆಯಲ್ಲಿ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಅವು ಬೆಳಕನ್ನು ಕನ್ನಡಿಯ ಹಾಗೆ ಆಚೆ ತಳ್ಳುವುದಿಲ್ಲ, ಗೋಡೆಯ ಹಾಗೆ ಸುತ್ತ ಚೆಲ್ಲುವುದಿಲ್ಲ, ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ. ನಿಮ್ಮ ಬೆಳಕು ನಿಮಗೇ.

ಅಮೆರಿಕದ ಎಂಜಿನಿಯರ್ ಜೆರಿ ಎಲ್ಸ್‌ವರ್ತ್ ಅವರ ‘ಟಿಲ್ಟ್ ಫೈವ್’ ನಿಂತಿರುವುದು ಈ ತತ್ವದ ಮೇಲೆ. 2019ರಲ್ಲಿ ಜನರಿಂದಲೇ ಮುಂಗಡ ಹಣ ಎತ್ತಿ ಹೊರಟ ಯಂತ್ರ. ಆಡುವವರು ಕನ್ನಡಕ ಹಾಕಿಕೊಳ್ಳಬೇಕು. ಅದರ ಮೇಲೆ ಎರಡು ಪುಟ್ಟ ಪ್ರೊಜೆಕ್ಟರ್, ನಿಮ್ಮ ತಲೆ ಎಲ್ಲಿದೆ ಎಂದು ಗಮನಿಸುವ ಕ್ಯಾಮೆರಾ. ಮೇಜಿನ ಮೇಲೆ ಹೆದ್ದಾರಿ ಫಲಕದಂಥದೇ ಹಾಳೆಯ ಮಣೆ. ನಿಮ್ಮ ಪ್ರೊಜೆಕ್ಟರ್ ಬಿಟ್ಟ ಚಿತ್ರ ಮಣೆಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ, ಹಾಗಾಗಿ ಗುಡ್ಡ ಮೇಲೆದ್ದಂತೆ ತೋರುತ್ತದೆ. ಎದುರು ಕೂತವನಿಗೆ ಅವನದೇ ಚಿತ್ರ. ಕನ್ನಡಕವಿಲ್ಲದೆ ಚಹಾ ತಂದಿಟ್ಟ ಅಕ್ಕನಿಗೆ ಅಲ್ಲಿ ಬೂದು ಹಾಳೆ ಮಾತ್ರ. ಪಂಡಿತರು ಇದನ್ನೂ ಹಾಲೊಗ್ರಾಂ ಎನ್ನಲು ಒಪ್ಪಲಾರರು, ಆಗಲಿ.

ಒಂದೇ ಮೇಜು, ಇಬ್ಬರಿಗೆ ಎರಡು ನೋಟ. ನನ್ನ ಕರಟದ ಹಿಂದಿನ ಬಂದೂಕು ನನಗೆ ಕಾಣುತ್ತದೆ. ಹುಡುಗನ ಸಿಪಾಯಿ ಗುಡ್ಡದ ತಿರುವು ದಾಟುವವರೆಗೆ ಅವನಿಗೆ ಕಾಣುವುದಿಲ್ಲ. ಸೇನಾಧಿಕಾರಿಗಳು ಇದಕ್ಕಾಗಿ ಪಟ್ಟ ಪಾಡು ದೊಡ್ಡದು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ರೂಪಿಸಿದ ‘ಕ್ರೀಗ್ಸ್‌ಷ್ಪೀಲ್’ ಆಟದಲ್ಲಿ ನಡುವೆ ಒಬ್ಬ ತೀರ್ಪುಗಾರ ಇರುತ್ತಿದ್ದ. ಯಾರಿಗೆ ಏನು ಕಂಡಿರಬಹುದು ಎಂದು ಲೆಕ್ಕ ಹಾಕಿ ಅಷ್ಟನ್ನೇ ತಿಳಿಸುವುದು ಅವನ ಕೆಲಸ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಲಿವರ್‌ಪೂಲಿನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಒಂದು ಕೋಣೆಯ ನೆಲವನ್ನೇ ಅಟ್ಲಾಂಟಿಕ್ ಸಾಗರ ಮಾಡಿದರು. ನೌಕಾಪಡೆಯ ಮಹಿಳಾ ದಳದ ಹುಡುಗಿಯರು ಲಿನೋಲಿಯಂ ಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಹಡಗಿನ ಜಾಡು ಎಳೆಯುತ್ತಿದ್ದರು. ಹಡಗಿನ ಕಪ್ತಾನರು ಪರದೆಯ ಹಿಂದೆ ನಿಂತು ಕಿಂಡಿಯಲ್ಲಿ ನೋಡಬೇಕು. ತಮ್ಮ ಹಡಗಿನ ಬಿಳಿ ಗೆರೆ ಅವರಿಗೆ ಕಾಣುತ್ತಿತ್ತು. ಜರ್ಮನ್ ಜಲಾಂತರ್ಗಾಮಿಯ ಜಾಡು ಹಸಿರು ಸೀಮೆಸುಣ್ಣದ್ದು, ಆ ಓರೆ ನೋಟಕ್ಕೆ ನೆಲದ ಬಣ್ಣದಲ್ಲಿ ಕರಗಿಹೋಗುತ್ತಿತ್ತು. ಬೆಳಕಿನ ಬುದ್ಧಿವಂತಿಕೆ ಎಂದರೆ ನನಗೆ ಆ ಹಸಿರು ಸೀಮೆಸುಣ್ಣ ನೆನಪಾಗುತ್ತದೆ.

ಬೆಳಕಿನ ಮಣೆಯಿಂದ ಕಡಲ ಯುದ್ಧಕ್ಕೆ ಇನ್ನೊಂದು ಲಾಭವೂ ಇದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಾಪೆಲ್’ ಕ್ಷಿಪಣಿ ನೌಕೆಯ ಉದ್ದ ಸುಮಾರು 39 ಮೀಟರ್. ಹಡಗು ಗೊಂಬೆಗಳಲ್ಲಿ ರೂಢಿಯಲ್ಲಿರುವ 1:1200 ಅಳತೆಯಲ್ಲಿ ಅದು ಮೂರು ಸೆಂಟಿಮೀಟರಿಗೆ ತುಸು ಹೆಚ್ಚು, ಒಂದು ಒಣ ಸಿಗಡಿಯಷ್ಟು. ಆ ಬಗೆಯ ನೌಕೆಯ ಹಳೇ ಕ್ಷಿಪಣಿ ಸುಮಾರು 40 ಕಿಲೋಮೀಟರ್ ಹಾರುತ್ತಿತ್ತು. ಅದೇ ಅಳತೆಯಲ್ಲಿ ಮೇಜು 33 ಮೀಟರ್ ಉದ್ದ ಬೇಕು! ಜಗಲಿ, ಅಂಗಳ ದಾಟಿ ಪಕ್ಕದ ಮನೆಯವರ ತೋಟಕ್ಕೆ ಹೋಗಿ ಬೀಳುತ್ತದೆ. ಹಾಗಾಗಿ ಆಟಗಾರರು ಹಡಗಿಗೊಂದು, ಸಮುದ್ರಕ್ಕೊಂದು ಅಳತೆ ಇಟ್ಟುಕೊಂಡು ಒಪ್ಪಂದದ ಮೇಲೆ ಆಡುತ್ತಾರೆ. ಬೆಳಕಿನ ಸಮುದ್ರಕ್ಕೆ ಈ ಸಂಕೋಚವಿಲ್ಲ, ಬೇಕಾದಾಗ ಹಿಗ್ಗುತ್ತದೆ, ಬೇಡವಾದಾಗ ಕುಗ್ಗುತ್ತದೆ.

ಆದರೆ ಒಂದು ಕೊರತೆ ನನಗೆ ಸಣ್ಣದಾಗಿ ಕಾಣುವುದಿಲ್ಲ. ಗೊಂಬೆ ಯುದ್ಧ ಆಡುವವರನ್ನು ನೋಡಿ. ಗುಂಡು ಹೊಡೆಯುವ ಮೊದಲು ಮಂಡಿಯೂರಿ, ಗಲ್ಲವನ್ನು ಮೇಜಿನ ಅಂಚಿಗೆ ತಾಗಿಸಿ, ಸಿಪಾಯಿಯ ಕಣ್ಣಿನ ಮಟ್ಟದಿಂದ ಒಮ್ಮೆ ನೋಡುತ್ತಾರೆ. ವೈರಿ ಕಾಣುತ್ತಾನೋ, ಮರ ಅಡ್ಡ ಇದೆಯೋ? ಆಟದ ಸೊಗಸೆಲ್ಲ ಆ ಕ್ಷಣದಲ್ಲಿದೆ. ಕನ್ನಡಕದ ಆಟದಲ್ಲಿ ಹಾಗೆ ಬಗ್ಗಿದರೆ ಸೈನ್ಯ ಮಾಯ! ಬೆಳಕು ಬಡಿಯಲು ನೋಟದ ಹಿಂದೆ ಮಣೆ ಇರಬೇಕಲ್ಲ. ಅಂಚಿನಿಂದ ನೋಡಿದಾಗ ಹಿಂದಿರುವುದು ಮಣೆಯಲ್ಲ, ಎದುರು ಕೂತವನ ಅಂಗಿ. ನಿಜವಾದ ಹಾಲೊಗ್ರಾಂ ತಟ್ಟೆಗೂ ಇದೇ ಕಟ್ಟು, ಅದರಾಚೆ ಚಿತ್ರವಿಲ್ಲ. ಹಾಗಾಗಿ ಎರಡು ಸಂಜೆ ಕೂತು ಬಣ್ಣ ಹಚ್ಚಿದ ಸಿಪಾಯಿ ಮೇಜಿನ ಮೇಲೇ ಉಳಿಯುತ್ತಾನೆ, ಬೆಳಕು ಅವನ ಸುತ್ತ ಮಂಜು, ಹೊಗೆ, ಮರೆ ಕಟ್ಟುತ್ತದೆ ಎಂಬುದು ನನ್ನ ಊಹೆ.

ಕನ್ನಡಕ ನಮ್ಮಲ್ಲಿರಲಿಲ್ಲ, ಮಳೆಯಂತೂ ನಿಲ್ಲಲಿಲ್ಲ. ಮರುದಿನ ಪ್ರಷ್ಯದವರ ದಾರಿ ಹಿಡಿದೆವು. ಜಗಲಿಯಲ್ಲಿ ಹುಡುಗನ ನಡುಗಡ್ಡೆ. ಒಳಕೋಣೆಯಲ್ಲಿ, ಹುಲಿ-ಕುರಿ ಆಟದ ಹಳೇ ಮಣೆಯ ಬೆನ್ನಿನ ಮೇಲೆ ಸುಣ್ಣದಲ್ಲಿ ಗೀಚಿದ ಇನ್ನೊಂದು ನಡುಗಡ್ಡೆ, ಅಲ್ಲಿ ಬಾವ ಪೋರ್ಚುಗೀಸ್ ಗವರ್ನರ್ ಹಾಗೆ ಕೂತ. ಅವನ ಸೈನ್ಯ ಹುಣಸೆಬೀಜ. ನಾನು ತೀರ್ಪುಗಾರ, ಚೀಟಿ ಹಿಡಿದು ಇಬ್ಬರ ನಡುವೆ ಓಡಾಟ. ‘ಎಂತ ನಿಮ್ಮ ಅವತಾರ’ ಎಂದು ಅಕ್ಕ ಎರಡೂ ಕಡೆ ಇಣುಕಿ ಹೋದಳು. ಆ ಮನೆಯಲ್ಲಿ ಇಡೀ ಯುದ್ಧ ಕಂಡವರು ನಾವಿಬ್ಬರೇ. ಹುಡುಗನ ಮೊದಲ ದೋಣಿ ಸುಮ್ಮನೆ ದಡ ಹತ್ತಿತು. ಎರಡನೆಯದು ಹತ್ತುವಾಗ ನಾನು ಒಳಗಿಂದ ಬಂದು ದಾಳ ಹಾಕಿ, ಐದು ಗೊಂಬೆಗಳನ್ನು ಮಗ್ಗುಲಿಗೆ ಮಲಗಿಸಿದೆ.

ಹುಡುಗ ಮಂಡಿಯೂರಿ ಗಲ್ಲವನ್ನು ಮೇಜಿಗೆ ತಾಗಿಸಿದ. ಬಹಳ ಹೊತ್ತು ಕರಟ ನೋಡಿದ, ನಾರಿನ ಮರಗಳನ್ನು ನೋಡಿದ.

‘ಎಲ್ಲಿಂದ ಹೊಡೆದ್ರು ಮಾವ?’

ನಾನು ಮುಂದಿನ ಚೀಟಿ ಕೇಳಿದೆ.