ಅಡಿಗೆಮನೆಗೆ ಮರದ ಕಪಾಟು

ಅಡಿಗೆಮನೆಗೆ ಬೇಕಾದ ಮರದ ಕಪಾಟನ್ನು ತಮ್ಮ ಕೈಯಿಂದಲೇ ಮಾಡಿಕೊಳ್ಳಬೇಕೆಂಬ ಹಂಬಲವುಳ್ಳ ಗೃಹಸ್ಥರಿಗೆ ನಾವು ಮೊದಲು ಹೇಳತಕ್ಕ ಮಾತೊಂದಿದೆ. ಕಪಾಟು ಕೆಡುವುದು ಬಹುಮಟ್ಟಿಗೆ ತೇವದಿಂದ. ಅನ್ನದ ಹಬೆ, ಪಾತ್ರೆ ತೊಳೆದ ನೀರು, ಮಳೆಗಾಲದ ಗಾಳಿ, ಇವು ಮೂರೂ ಮರವನ್ನು ಹಿಗ್ಗಿಸುತ್ತವೆ. ಬೇಸಗೆಯು ಅದನ್ನು ಕುಗ್ಗಿಸುತ್ತದೆ. ಮರದ ಈ ಸ್ವಭಾವವನ್ನು ಅರಿಯದೆ ಕೆಲಸಕ್ಕೆ ಕೈಯಿಕ್ಕಿದರೆ ಹಣವೂ ಶ್ರಮವೂ ವ್ಯರ್ಥವಾದಾವು.

ತೇಗ, ಹೊನ್ನೆ, ಹಲಸು ಇವು ನಮ್ಮ ನಾಡಿನ ಬಡಗಿಗಳು ಬಹುಕಾಲದಿಂದ ಮೆಚ್ಚಿದ ಮರಗಳು. ಯಾವುದನ್ನೇ ಕೊಂಡರೂ ಅದು ಚೆನ್ನಾಗಿ ಒಣಗಿರಬೇಕು. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವುಂಟು. ಹಲಗೆಯ ಒಂದು ತುಂಡನ್ನು ನೆರಳಿನಲ್ಲಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿರಿ; ತೂಕವು ಇಳಿಯುತ್ತಿರುವವರೆಗೂ ಮರವು ಇನ್ನೂ ಒಣಗುತ್ತಿದೆಯೆಂದೇ ತಿಳಿಯಬೇಕು. ಹಸಿಯ ತೇಗವು ಪೂರ್ತಿಯಾಗಿ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ನೂರಕ್ಕೆ ಸುಮಾರು 5.8ರಷ್ಟು, ಅವುಗಳಿಗೆ ಅಡ್ಡಲಾಗಿ ಸುಮಾರು 2.5ರಷ್ಟು ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ.

ಆದುದರಿಂದಲೇ ಬಲ್ಲ ಬಡಗಿಗಳು ಬಾಗಿಲನ್ನು ಒಂದೇ ಅಗಲ ಹಲಗೆಯಿಂದ ಮಾಡದೆ, ನಾಲ್ಕು ಪಟ್ಟಿಗಳ ಚೌಕಟ್ಟನ್ನು ಕಟ್ಟಿ ನಡುವೆ ಹಲಗೆಯನ್ನು ಕೂರಿಸುತ್ತಾರೆ. ಚೌಕಟ್ಟಿನ ಮೂಲೆಗಳನ್ನು ಅಂಟು ಹಾಕಿ ಬಿಗಿಯಬೇಕು. ನಡುಹಲಗೆಗೆ ಮಾತ್ರ ಅಂಟನ್ನಾಗಲಿ ಮೊಳೆಯನ್ನಾಗಲಿ ಹಾಕದೆ, ಚೌಕಟ್ಟಿನ ಒಳ ಅಂಚಿನಲ್ಲಿ ಕೊರೆದ ತೋಡಿನೊಳಗೆ ಸ್ವಲ್ಪ ಎಡೆಯಿಟ್ಟು ಸೇರಿಸಬೇಕು. ಆಗ ಹಲಗೆಯು ಹಿಗ್ಗಿದರೂ ಕುಗ್ಗಿದರೂ ಬಾಗಿಲು ಬಿರಿಯದು.

ಕಪಾಟಿನ ಪಕ್ಕಗಳಿಗೂ ಅಡ್ಡಹಲಗೆಗಳಿಗೂ ಪ್ಲೈವುಡ್ಡನ್ನು ಉಪಯೋಗಿಸಬಹುದು. ಅದರ ಪದರಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ಹಿಗ್ಗುಕುಗ್ಗು ಕಡಮೆ. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಣ ಕಪಾಟಿಗೆ ಐ.ಎಸ್. 710 ಎಂಬ ಗುರುತುಳ್ಳ, ನೀರಿಗೆ ನಿಲ್ಲುವ ಬಗೆಯನ್ನೇ ಕೇಳಿ ಕೊಳ್ಳತಕ್ಕದ್ದು. ನೆಲದ ಕಪಾಟನ್ನು 4 ಅಂಗುಲ ಎತ್ತರದ ಕಲ್ಲಿನ ಪೀಠದ ಮೇಲಿಟ್ಟರೆ ನೆಲ ತೊಳೆದ ನೀರು ತಗಲದು, ಗೆದ್ದಲು ಹತ್ತಿದರೂ ಬೇಗನೆ ಕಣ್ಣಿಗೆ ಬೀಳುತ್ತದೆ.

ಅಡ್ಡಹಲಗೆಯನ್ನು ಬಹಳ ಉದ್ದ ಬಿಡಬಾರದು. ಆಧಾರಗಳ ನಡುವಣ ಅಂತರವು ಇಮ್ಮಡಿಯಾದರೆ, ಅದೇ ಭಾರಕ್ಕೆ ಹಲಗೆಯು ಎಂಟುಮಡಿ ಬಾಗುತ್ತದೆ. ಮುಕ್ಕಾಲು ಅಂಗುಲ ದಪ್ಪದ ಹಲಗೆಗೆ ಎರಡೂವರೆ ಅಡಿಗೊಂದು ಆಧಾರವಿರಲಿ. ಗೋಡೆಗೆ ತೂಗುಹಾಕುವ ಕಪಾಟಿಗೆ 12 ಅಂಗುಲ ಆಳವು ಸಾಕು. ಅದರ ತಿರುಪುಮೊಳೆಗಳು ಗಾರೆಯಲ್ಲಷ್ಟೇ ನಿಲ್ಲದೆ ಇಟ್ಟಿಗೆಯೊಳಕ್ಕೆ ಭದ್ರವಾಗಿ ಹೋಗಬೇಕು; ಅದರ ಕೆಳಗೆ ದಿನವೂ ಮನೆಯವರು ನಿಂತು ಅಡಿಗೆ ಮಾಡುವರೆಂಬುದನ್ನು ಮರೆಯಬಾರದು.

ಕೊನೆಗೆ ವಾರ್ನಿಷನ್ನು ಒಳಗೂ ಹೊರಗೂ ಸಮನಾಗಿ ಬಳಿಯಬೇಕು. ಒಂದೇ ಪಕ್ಕಕ್ಕೆ ಬಳಿದರೆ ಇನ್ನೊಂದು ಪಕ್ಕವು ತೇವವನ್ನು ಹೆಚ್ಚಾಗಿ ಹೀರಿ ಹಲಗೆಯು ಸೊಟ್ಟಗಾಗುವುದು.

ಹೊಸದಾಗಿ ಕಲಿಯುವವರು ಮೊದಲು ಒಂದೇ ಬಾಗಿಲಿನ ಚಿಕ್ಕ ಕಪಾಟನ್ನು ಮಾಡಿ, ಅದನ್ನು ಒಂದು ವರ್ಷ ಬಳಸಿ ನೋಡುವುದು ಲೇಸು. ಬಾಗಿಲು ಆಷಾಢದಲ್ಲಿ ಬಿಗಿಯದೆ, ಚೈತ್ರದಲ್ಲಿ ಬಿರುಕು ಬಿಡದೆ ಉಳಿದರೆ, ಅಂಥವರು ದೊಡ್ಡ ಕಪಾಟಿಗೆ ನಿಶ್ಚಿಂತೆಯಾಗಿ ಮರ ಕೊಳ್ಳಬಹುದು.