ಒಂದು ವಚನ, ಹತ್ತೊಂಬತ್ತು ಸಂವತ್ಸರ

ನಮ್ಮ ಊರುಗಳ ಕ್ರೈಸ್ತ ದೇವಾಲಯಗಳ ಭಾನುವಾರದ ಶಾಲೆಗೆ ಹೋಗಿ ಬಂದವರಿಗೆ ‘ಕಂಠಪಾಠದ ವಾಕ್ಯ’ ಎಂಬ ಮಾತು ಅಪರಿಚಿತವಲ್ಲ. ಅಧ್ಯಾಯ ವಚನಗಳ ಸಂಖ್ಯಾಸಮೇತವಾಗಿ ತಡವರಿಸದೆ ವಾಕ್ಯವನ್ನೊಪ್ಪಿಸಿ ಶಹಭಾಸ್ ಎನ್ನಿಸಿಕೊಂಡ ಹುಡುಗನೇ ಅರ್ಧ ಗಳಿಗೆಯೊಳಗೆ ಅಂಗಳದಲ್ಲಿ ಗೆಳೆಯನ ಕಿವಿ ಹಿಂಡುತ್ತಿರುವುದನ್ನು ಕಂಡು ನಕ್ಕು ಸುಮ್ಮನಾಗುವ ಹಿರಿಯರಾದ ನಾವು, ನಮ್ಮ ಅವಸ್ಥೆಯೂ ಅದಕ್ಕಿಂತ ಬಹುದೂರವಿಲ್ಲವೆಂಬುದನ್ನು ಮರೆತಿರುತ್ತೇವೆ. ಕಂಠದಲ್ಲಿ ನಿಂತ ಮಾತು ಕೈಕಾಲುಗಳಿಗೆ ಇಳಿದು ಬರುವ ಬಗೆ ಹೇಗೆಂಬುದನ್ನು ಜೀವಮಾನದ ಪ್ರಶ್ನೆಯನ್ನಾಗಿ ಮಾಡಿಕೊಂಡವರು ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯನ್ನು ಹೊಕ್ಕ ಸಂನ್ಯಾಸಿಗಳು.

ಮುದ್ರಣವಿಲ್ಲದ ಆ ಕಾಲದಲ್ಲಿ ಗ್ರಂಥವೆಂದರೆ ಕೈಯಿಂದ ಪ್ರತಿಮಾಡಿದ ದುಬಾರಿ ವಸ್ತು. ನಿತ್ರಿಯ, ಸ್ಕೇತೆ ಮೊದಲಾದ ನೆಲೆಗಳಲ್ಲಿ ನೆನೆಹಾಕಿದ ಖರ್ಜೂರದ ಗರಿಗಳಿಂದ ಬುಟ್ಟಿ ಚಾಪೆಗಳನ್ನು ಹೆಣೆದು ಹೊಟ್ಟೆಹೊರೆಯುತ್ತಿದ್ದ ಆ ಜನರು, ಕೈ ತನ್ನ ಕೆಲಸದಲ್ಲಿರುವಾಗ ಬಾಯಲ್ಲಿ ಬೈಬಲಿನ ಕೀರ್ತನೆಗಳ ಒಂದೊಂದೇ ವಚನವನ್ನು ಗುನುಗುತ್ತಿದ್ದರು. ಮುಂದಿನ ಲ್ಯಾಟಿನ್ ಸಂನ್ಯಾಸಿಗಳು ಈ ಅಭ್ಯಾಸಕ್ಕೆ ಇಟ್ಟ ಹೆಸರು ಹಸುವಿನ ಮೆಲುಕಿನದು. ಕನ್ನಡಿಗನಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಕೀರ್ತನೆಯಲ್ಲಿ ‘ಧ್ಯಾನ’ವೆಂದು ನಾವು ಓದುವಲ್ಲಿ ಹೀಬ್ರೂ ಮೂಲದಲ್ಲಿರುವ ಕ್ರಿಯಾಪದವಾದರೋ, ಯೆಶಾಯನ ಗ್ರಂಥದಲ್ಲಿ ಬೇಟೆಯನ್ನು ಹಿಡಿದ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ನರಳುವಿಕೆಗೂ ಸಲ್ಲುವಂಥದು. ಧ್ಯಾನವೆಂದೊಡನೆ ಕಣ್ಮುಚ್ಚಿದ ಮೌನವನ್ನು ಕಲ್ಪಿಸಿಕೊಳ್ಳುವ ನಮಗೆ ಈ ಸದ್ದು ತುಸು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ.

ಇವರೆಲ್ಲರ ಹಿರಿಯಣ್ಣನಂತಿದ್ದವರು ಸಂತ ಅಂತೋಣಿ. (ನಮ್ಮಲ್ಲಿ ಮಂಗಳವಾರದ ದಿನ ಭಕ್ತರು ಮೇಣದಬತ್ತಿ ಹಚ್ಚುವುದು ಪಾದುವದ ಅಂತೋಣಿಯವರಿಗೆ, ಇವರು ಅವರಿಗಿಂತ ಒಂಬತ್ತು ಶತಮಾನಗಳಷ್ಟು ಹಿರಿಯರು.) ಕೇಳಿದ್ದೊಂದನ್ನೂ ನೆಲಕ್ಕೆ ಬೀಳಗೊಡದ ಇವರಿಗೆ ನೆನಪೇ ಗ್ರಂಥವಾಗಿದ್ದಿತೆಂದು ಇವರ ಚರಿತ್ರೆಯನ್ನು ಬರೆದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯನು ಹೇಳುತ್ತಾನೆ. ತಾಯಿತಂದೆಗಳು ತೀರಿಕೊಂಡ ಕೆಲವು ತಿಂಗಳಲ್ಲಿ ದೇವಾಲಯವನ್ನು ಪ್ರವೇಶಿಸಿದ ತರುಣ ಅಂತೋಣಿಯ ಕಿವಿಗೆ, ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡೆಂದು ಯೇಸು ಧನಿಕ ಯುವಕನಿಗೆ ಹೇಳಿದ ಮಾತು ಬಿದ್ದಿತು. ಇಂದಿನ ಲೆಕ್ಕದಲ್ಲಿ ಸುಮಾರು 200 ಎಕರೆಯಾಗುವ ಫಲವತ್ತಾದ ಪಿತ್ರಾರ್ಜಿತ ಭೂಮಿಯನ್ನು ಆತ ಊರವರಿಗೆ ಬಿಟ್ಟುಕೊಟ್ಟನು. ಆದರೂ ಚಿಕ್ಕ ತಂಗಿಯ ಸಲುವಾಗಿ ಸ್ವಲ್ಪ ಹಣವನ್ನು ತೆಗೆದಿರಿಸಿದನು. ನಾಳೆಯ ಚಿಂತೆ ಬೇಡವೆಂಬ ಇನ್ನೊಂದು ವಚನವನ್ನು ಮತ್ತೊಮ್ಮೆ ಕೇಳಿದ ಮೇಲೆಯೇ ಆ ಹಣವೂ ಕೈಬಿಟ್ಟು, ತಂಗಿ ಕನ್ಯಾವ್ರತಿನಿಯರ ಪೋಷಣೆಗೆ ಸೇರಿದಳು. ತಂಗಿಯ ಮನಸ್ಸಿನಲ್ಲೇನಿದ್ದಿತೋ ಚರಿತ್ರಕಾರನು ಬರೆಯಲಿಲ್ಲ. ಬರೆದಿದ್ದರೆ ಚೆನ್ನಾಗಿತ್ತೆಂದು ನನಗೆ ಪ್ರತಿಸಾರಿಯೂ ಅನ್ನಿಸುವುದುಂಟು.

ಅಂತೋಣಿಯದು ಸಿಡಿಲಿನ ರೀತಿಯಾದರೆ ನಿತ್ರಿಯದ ಪಾಂಬೊ ಎಂಬವನದು ಸೋನೆಮಳೆಯ ರೀತಿ. ನನ್ನ ಒಲವು ಈತನ ಕಡೆಗೇ. ಓದುಬರಹವರಿಯದ ಪಾಂಬೊ ಕೀರ್ತನೆಯೊಂದನ್ನು ಕಲಿಯಲೆಂದು ಬಲ್ಲವನೊಬ್ಬನ ಬಳಿಗೆ ಹೋದನೆಂದೂ, ನಾಲಗೆಯಿಂದ ಪಾಪವಾಗದಂತೆ ನಡೆಯನ್ನು ಕಾಯ್ದುಕೊಳ್ಳುವ ಸಂಕಲ್ಪವುಳ್ಳ 39ನೆಯ ಕೀರ್ತನೆಯ ಆರಂಭದ ವಚನವನ್ನು ಕೇಳಿದೊಡನೆ, ಇದನ್ನು ಆಚರಣೆಯಲ್ಲಿ ಕಲಿತರೆ ಸಾಕೆಂದು ಎರಡನೆಯದಕ್ಕೆ ನಿಲ್ಲದೆ ಎದ್ದು ಹೊರಟನೆಂದೂ ಐದನೆಯ ಶತಮಾನದ ಇತಿಹಾಸಕಾರ ಸೋಕ್ರಟೀಸನು ಬರೆದಿದ್ದಾನೆ. (ವಿಷ ಕುಡಿದ ಸೋಕ್ರಟೀಸನೇ ಬೇರೆ.) ಆರು ತಿಂಗಳಾದರೂ ಮರಳಿ ಬಾರದ ಶಿಷ್ಯನನ್ನು ಗುರುವು ಆಕ್ಷೇಪಿಸಲು, ಮೊದಲನೆಯ ಪಾಠವೇ ಇನ್ನೂ ನಡತೆಗೆ ಬಂದಿಲ್ಲವೆಂಬ ಉತ್ತರ ಬಂದಿತು. ಬಹುಕಾಲದ ಮೇಲೆ ಪರಿಚಿತನೊಬ್ಬನು ಅದೇ ಪ್ರಶ್ನೆಯನ್ನೆತ್ತಿದಾಗ, 19 ವರ್ಷಗಳಲ್ಲಿ ಹೇಗೋ ಅಷ್ಟಿಷ್ಟು ಸಾಧಿಸಿರುವೆನೆಂದು ಪಾಂಬೊ ಹೇಳಿದನಂತೆ.

ಇದೇ ಮರುಭೂಮಿಯ ಇನ್ನೊಂದು ಕಥೆಯನ್ನು ಅಲ್ಲಿಯೇ ಬಾಳಿದ ಸಂನ್ಯಾಸಿ ಲೇಖಕ ಎವಾಗ್ರಿಯನು ಎರಡೇ ಮಾತಿನಲ್ಲಿ ಮುಗಿಸುತ್ತಾನೆ: ತನ್ನ ಏಕಮಾತ್ರ ಆಸ್ತಿಯಾದ ಸುವಾರ್ತೆಯ ಪುಸ್ತಕವನ್ನು ಮಾರಿ ಹಸಿದವರಿಗೆ ಉಣಬಡಿಸಿದ ಸಂನ್ಯಾಸಿಯೊಬ್ಬನು, ಮಾರಿ ಕೊಡೆಂದು ತನಗೆ ಹೇಳುತ್ತಿದ್ದ ಮಾತನ್ನೇ ಮಾರಿದೆನೆಂದನಂತೆ.

ಪಾಂಬೊವಿನ ವಚನ ಆತನ ನಡೆಯಲ್ಲಿ ಎಷ್ಟರಮಟ್ಟಿಗೆ ಬೇರುಬಿಟ್ಟಿದ್ದಿತೆಂಬುದನ್ನು ತಿಳಿಯಲು, ಈ ಸಂನ್ಯಾಸಿಗಳ ಚರಿತ್ರೆಗಳನ್ನು ಸಂಗ್ರಹಿಸಿದ ಪಲ್ಲಾದಿಯನು ಬರೆದಿಟ್ಟ ಪ್ರಸಂಗವೊಂದುಂಟು. ರೋಮಿನ ಶ್ರೀಮಂತ ಮನೆತನದ ಮೆಲಾನಿಯ ಎಂಬಾಕೆ ಮುನ್ನೂರು ಪೌಂಡು ತೂಕದ ಬೆಳ್ಳಿಯನ್ನು ತಂದು ಮುಂದಿಟ್ಟಾಗ, ಗರಿ ಹೆಣೆಯುತ್ತ ಕುಳಿತಿದ್ದ ಪಾಂಬೊ ದೇವರು ನಿನಗೆ ಪ್ರತಿಫಲವನ್ನೀಯಲೆಂದು ಹರಸಿ, ಬಡ ಮಠಗಳಿಗೆ ಅದನ್ನು ಹಂಚುವಂತೆ ಶಿಷ್ಯನಿಗೆ ತಿಳಿಸಿ, ಮತ್ತೆ ಕೆಲಸದಲ್ಲಿ ತೊಡಗಿದನು. ಹೊಗಳಿಕೆಯನ್ನು ನಿರೀಕ್ಷಿಸಿ ನಿಂತಿದ್ದ ಆಕೆ ತಡೆಯಲಾರದೆ ತೂಕವೆಷ್ಟೆಂಬುದನ್ನು ತಾನೇ ಹೇಳಿದಳು. ಆತನು ತಲೆಯೆತ್ತದೆ, ಯಾರಿಗೆ ಅರ್ಪಿಸಿದೆಯೋ ಆತನಿಗೆ ತಕ್ಕಡಿಯ ಅಗತ್ಯವಿಲ್ಲವೆಂದಷ್ಟೇ ಹೇಳಿದನು. ಎಪ್ಪತ್ತರ ವಯಸ್ಸಿನಲ್ಲಿ ಬುಟ್ಟಿಯೊಂದರ ಕೊನೆಯ ಹೊಲಿಗೆ ಹಾಕುತ್ತಿದ್ದಾಗ ಮರಣವನ್ನೆದುರುಗೊಂಡ ಪಾಂಬೊ, ಕೊಡಲು ಬೇರೇನೂ ಇಲ್ಲವೆಂದು ಆ ಬುಟ್ಟಿಯನ್ನೇ ಮೆಲಾನಿಯಳ ಕೈಗಿತ್ತನು. ಆಕೆ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು.